ಲಕ್ಷ ಬತ್ತಿಗೆ ನಾಲ್ಕು ಕಟ್ಟು ಕಮ್ಮಿ

“ಈ ಸಲ ಹಬ್ಬಕ್ಕೆ ಭದ್ರಾವತಿ ಮನೆ ಕಟ್ಟೆ ಹತ್ತೋದು ನನ್ನ ತುಳಸಿನೇ. ಬೇಕಾದ್ರೆ ಬರೆದಿಟ್ಕೋ.”

ವಾದಿರಾಜ ಈ ಪ್ರತಿಜ್ಞೆ ಮಾಡಿದಾಗ ಅವನ ಬಲಗೈಯಲ್ಲಿ ಪ್ಲಾಸ್ಟಿಕ್ ಮಗ್ಗು, ಎಡಗೈಯಲ್ಲಿ ಹಲ್ಲುಜ್ಜುವ ಬ್ರಷ್ಷು ಇದ್ದವು. ಭೀಷ್ಮನಿಗಾದರೂ ಯಮುನೆಯ ದಡವಿತ್ತು. ಇವನಿಗಿದ್ದದ್ದು ಶಿವಮೊಗ್ಗದ ವಿನೋಬನಗರದ ಬಾಡಿಗೆ ಮನೆಯ ತಾರಸಿ ಮತ್ತು ಸೋರುವ ನೀರಿನ ಟ್ಯಾಂಕು. ಪುಷ್ಪವೃಷ್ಟಿಯಾಗಲಿಲ್ಲ. ತಂತಿಯ ಮೇಲೆ ಒಣಗುತ್ತಿದ್ದ ಬನಿಯನ್ನಿನಿಂದ ಎರಡು ಹನಿ ನೀರು ನೆತ್ತಿಯ ಮೇಲೆ ಬಿತ್ತು, ಅಷ್ಟೇ.

ಹೆಂಡತಿ ನವ್ಯಾ ಬಟ್ಟೆ ಹರವುತ್ತಾ, “ಹೋದ ವರ್ಷ ಕರಿಬೇವಿನ ಗಿಡದ ಬಗ್ಗೆ ಬರೆದಿಟ್ಕೊಂಡಿದ್ದು ಇನ್ನೂ ಹಂಗೇ ಇದೆ ರೀ,” ಎಂದು ಕುಂಡವೊಂದಕ್ಕೆ ಕೈ ಹಾಕಿ ಬಟ್ಟೆ ಕ್ಲಿಪ್ಪು ತೆಗೆದಳು. ಅದು ಅದೇ ಕರಿಬೇವಿನ ಕುಂಡ. ಗಿಡ ಸ್ವರ್ಗಸ್ಥವಾದ ಮೇಲೆ ಅಲ್ಲಿ ಕ್ಲಿಪ್ಪುಗಳು ಸಂಸಾರ ಹೂಡಿದ್ದವು. ಪಕ್ಕದ ಗುಲಾಬಿಯ ಕುಂಡದಲ್ಲಿ ಈಗ ಸೋಪಿನ ಪುಡಿ. ಹೀಗೆ ವಾದಿರಾಜನ ಕೈಗೆ ಸಿಕ್ಕಿದ ಗಿಡಗಳೆಲ್ಲ ಒಂದೊಂದಾಗಿ ಕಣ್ಮುಚ್ಚಿ, ಮನೆಗೆ ಡಬ್ಬಿಗಳ ಕೊರತೆಯಾಗದಂತೆ ನೋಡಿಕೊಂಡಿದ್ದವು.

ತಮಾಷೆಯೆಂದರೆ ಅವನಿಗೆ ಕೆಲಸ ಇದ್ದದ್ದು ಗಾರ್ಡನ್ ಏರಿಯಾದ ಪಂಪ್‌ಸೆಟ್ ಅಂಗಡಿಯಲ್ಲಿ. ಜಿಲ್ಲೆಯ ಅರ್ಧ ತೋಟಗಳಿಗೆ ನೀರೆತ್ತಿಸಿದವನು ತಾನೇ ಎಂಬ ಭಾವನೆ ಅವನದು. ನೀರೆತ್ತುತ್ತಿದ್ದದ್ದು ಪಂಪು, ಇವನು ಎತ್ತುತ್ತಿದ್ದದ್ದು ಬಿಲ್ ಬುಕ್ಕು ಎಂಬ ವ್ಯತ್ಯಾಸ ಅವನ ಗಮನಕ್ಕೆ ಬಂದಿರಲಿಲ್ಲ.

ಪ್ರತಿಜ್ಞೆಗೆ ಕಾರಣ ಇತ್ತು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವನ ಅತ್ತೆ ಸರಸ್ವತಮ್ಮನವರ ಮನೆ. ಹಿತ್ತಿಲ ಬಾಗಿಲಿಗೆದುರಾಗಿ ತುಳಸಿ ಕಟ್ಟೆ. ಆ ಕಟ್ಟೆಯ ಹಳೆಯ ತುಳಸಿ ಈ ಸಲದ ಮಳೆಗಾಲಕ್ಕೆ ಕೊಳೆತುಹೋಯಿತು. ಹೋಗುವ ಮುಂಚೆ ಬುಡದಲ್ಲಿ ಮರಿಗಿಡಗಳನ್ನು ಬಿಟ್ಟಿತ್ತು. ಅತ್ತೆ ಅವುಗಳಲ್ಲಿ ಎರಡನ್ನು ಕಿತ್ತು, ದೊಡ್ಡ ಮಗಳು ವೀಣಾಳಿಗೊಂದು, ಚಿಕ್ಕವಳು ನವ್ಯಾಳಿಗೊಂದು ಕೊಟ್ಟು, ಯಾರ ಮನೆಯದು ಚೆನ್ನಾಗಿ ಬರುತ್ತದೋ ಅದನ್ನೇ ಕಾರ್ತಿಕದ ತುಳಸಿ ಹಬ್ಬಕ್ಕೆ ಮೊದಲು ಕಟ್ಟೆಗೆ ನೆಡೋಣ ಎಂದಿದ್ದರು. ಅವರು ಹೇಳಿದ್ದು ಅಷ್ಟೇ. ವಾದಿರಾಜನ ಕಿವಿಗೆ ಮಾತ್ರ ಕುರುಕ್ಷೇತ್ರದ ಶಂಖ ಕೇಳಿಸಿತು. ಯಾಕೆಂದರೆ ವೀಣಾಳ ಗಂಡ ಹರಿಪ್ರಸಾದ, ಅಂದರೆ ಇವನ ಷಡ್ಡಕ.

ಷಡ್ಡಕನೆಂಬ ಸಂಬಂಧವನ್ನು ಸೃಷ್ಟಿಸಿದವನು ಹೊಟ್ಟೆಕಿಚ್ಚಿಗೂ ಒಂದು ಕಾಯಂ ವಿಳಾಸ ಇರಲಿ ಎಂದೇ ಸೃಷ್ಟಿಸಿರಬೇಕು. ಅಣ್ಣತಮ್ಮಂದಿರ ಹೊಟ್ಟೆಕಿಚ್ಚಿಗೆ ಆಸ್ತಿಯ ನೆಪ ಇರುತ್ತದೆ, ಆಫೀಸಿನವರದಕ್ಕೆ ಪ್ರಮೋಷನ್ನಿನ ನೆಪ. ಷಡ್ಡಕನ ಮೇಲಿನದು ಯಾವ ಲಾಭವನ್ನೂ ಬಯಸದ ನಿಷ್ಕಾಮ ಹೊಟ್ಟೆಕಿಚ್ಚು! ಹರಿಪ್ರಸಾದನ ಸ್ಕೂಟರು ಮಳೆಗಾಲದಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಅವನು ನಾಲ್ಕು ಹೋಳಿಗೆ ತಿಂದರೂ ಹೊಟ್ಟೆ ಅಂಗಿಯ ಒಳಗೇ ಇರುತ್ತಿತ್ತು. ವಾದಿರಾಜನದು ಎರಡನೆಯದಕ್ಕೇ ಗುಂಡಿಯನ್ನು ಪ್ರಶ್ನಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ‘ಕೈಗುಣ’ ಇತ್ತು. “ಹರಿಪ್ರಸಾದ ಗೂಟ ನೆಟ್ರೂ ಚಿಗುರುತ್ತೆ, ಅಂಥ ಕೈಗುಣ,” ಎಂದು ಅತ್ತೆ ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ ಹೇಳುತ್ತಿದ್ದರು. ಮದುವೆಯಾಗಿ ಮೂರು ವರ್ಷವಾದರೂ ಆ ಒಂದು ಪದ ವಾದಿರಾಜನ ಕಡೆ ತಲೆಹಾಕಿ ಮಲಗಿರಲಿಲ್ಲ. ಬೈದು ಸಮಾಧಾನ ಮಾಡಿಕೊಳ್ಳೋಣವೆಂದರೆ ಆ ಹರಿಪ್ರಸಾದ ಮನುಷ್ಯನೂ ಒಳ್ಳೆಯವನು. ಇದಕ್ಕಿಂತ ದೊಡ್ಡ ಅನ್ಯಾಯ ಇದೆಯೇ?

ಮನೆಯವರ ವಾಟ್ಸಾಪ್ ಗುಂಪಿನಲ್ಲಿ ದಿನವೂ ಈ ಗಾಯಕ್ಕೆ ಉಪ್ಪು ಬೀಳುತ್ತಿತ್ತು. ಹರಿಪ್ರಸಾದ ಬೆಳಿಗ್ಗೆ ತನ್ನ ತುಳಸಿಯ ಫೋಟೋ ಹಾಕಿದರೆ ಸಾಕು, ಅತ್ತೆಯಿಂದ ಸಾಲಾಗಿ ಮುಗಿದ ಕೈಗಳು, ಕೊನೆಗೊಂದು ಕಮಲ. ವಾದಿರಾಜ ತನ್ನದನ್ನು ಹಾಕಿದರೆ ಒಂದೇ ಒಂದು ಹೆಬ್ಬೆಟ್ಟು. ಅದೂ ಊಟ ಮುಗಿಸಿ, ನಿದ್ದೆ ಮಾಡಿ ಎದ್ದ ಮೇಲೆ.

ಹಾಗೆಂದು ಇವನು ಗಿಡಕ್ಕೆ ನೀರು ಹಾಕುತ್ತಿರಲಿಲ್ಲ ಎಂದಲ್ಲ. ಮಗ್ಗಿನಲ್ಲಿ ಮೊಗೆದು ಎತ್ತರದಿಂದ ಸುರಿಯುತ್ತಿದ್ದ. ನೀರು ಧೋ ಎಂದು ಕುಂಡದಲ್ಲಿಳಿದು, ಕ್ಷಣಾರ್ಧದಲ್ಲಿ ತಳದ ತೂತಿನಿಂದ ಹೊರಬರುತ್ತಿತ್ತು. ಮೇಲೆ ಹಾಕಿದ್ದು ಕೆಳಗೆ ಬಂತೆಂದರೆ ಲೈನಿನಲ್ಲಿ ಬ್ಲಾಕ್ ಇಲ್ಲ ಎಂಬುದು ಪಂಪ್‌ಸೆಟ್ ಅಂಗಡಿಯ ಸಿದ್ಧಾಂತ. ಆದರೂ ತುಳಸಿಯ ಎಲೆಗಳು ಒಂದೊಂದಾಗಿ ಹಳದಿಯಾಗಿ, ಬಾಡಿಗೆ ಮನೆ ಖಾಲಿ ಮಾಡುವವರಂತೆ ಸದ್ದಿಲ್ಲದೆ ಉದುರತೊಡಗಿದವು.

ವಿಜಯದಶಮಿ ಕಳೆದ ಭಾನುವಾರ ಹರಿಪ್ರಸಾದ ಮತ್ತು ವೀಣಾ ಶಿವಮೊಗ್ಗಕ್ಕೆ ಊಟಕ್ಕೆ ಬಂದರು. ಬರುವಾಗ ಅಕ್ಕಿ ತುಂಬಿಡುವಂಥ ಎರಡು ದೊಡ್ಡ ಸ್ಟೀಲ್ ಡಬ್ಬಿಗಳನ್ನೂ ತಂದರು. ಒಳಗಿದ್ದದ್ದು ಅತ್ತೆಯ ಲಕ್ಷ ಬತ್ತಿ. ಸರಸ್ವತಮ್ಮ ಎರಡು ವರ್ಷದಿಂದ ಟೀವಿಯ ಮುಂದೆ, ಫೋನಿನ ನಡುವೆ, ಬೆರಳು ನಿಲ್ಲಿಸದೆ ಹತ್ತಿ ಹೊಸೆದು, ಗೇಣುದ್ದದ ಎಳೆಬತ್ತಿಗಳನ್ನು ಕಟ್ಟುಕಟ್ಟಾಗಿ ಅರಿಶಿನದ ದಾರದಿಂದ ಬಿಗಿದು, ಹಸುವಿನ ತುಪ್ಪದಲ್ಲಿ ಅದ್ದಿ ಇಟ್ಟಿದ್ದರು. ತುಳಸಿ ಹಬ್ಬದ ಸಂಜೆ ಕಟ್ಟೆಯ ಮುಂದೆ ಅಷ್ಟನ್ನೂ ಒಟ್ಟಿಗೆ ಬೆಳಗುವುದು ಅವರ ಹರಕೆ. ಮನೆಗೆ ಸುಣ್ಣಬಣ್ಣ ಶುರುವಾದದ್ದರಿಂದ ಧೂಳು ಕೂರದಿರಲಿ ಎಂದು ಡಬ್ಬಿಗಳನ್ನು ನವ್ಯಾಳ ಮನೆಗೆ ಕಳಿಸಿದ್ದರು.

ಊಟವಾದ ಮೇಲೆ ಹರಿಪ್ರಸಾದ ತಾರಸಿಗೆ ಬಂದ. ತುಳಸಿಯನ್ನು ನೋಡಿದ. ಬೆರಳನ್ನು ಮಣ್ಣಿನೊಳಗೆ ತೂರಿಸಿ, ಡಾಕ್ಟರು ನಾಡಿ ನೋಡುವಂತೆ ಸ್ವಲ್ಪ ಹೊತ್ತು ನಿಂತ.

“ವಾದಿರಾಜ್, ಮಣ್ಣು ಒಣಗಿ ಕುಂಡದ ಅಂಚು ಬಿಟ್ಟಿದೆ ನೋಡಿ. ನೀವು ಹಾಕಿದ ನೀರೆಲ್ಲ ಆ ಸಂದಿಯಲ್ಲೇ ಇಳಿದು ಹೋಗ್ತಿದೆ. ನಡುವೆ ಬೇರಿಗೆ ಒಂದು ಹನಿಯೂ ಸೇರಿಲ್ಲ. ಚೊಂಬಲ್ಲಿ ಸಣ್ಣಗೆ ಸುತ್ತ ಬಿಡಿ. ಅದು ಕುಡಿದ ಮೇಲೆ ಇನ್ನೊಂದು ಸುತ್ತು. ನಿಧಾನಕ್ಕೆ, ಒಂದೇ ಸಮ.”

“ಅಯ್ಯೋ, ಅಮ್ಮ ತುಳಸಿಗೆ ಪ್ರದಕ್ಷಿಣೆ ಬರ್ತಾ ನೀರು ಬಿಡೋದು ಹಂಗೇ ಅಲ್ವಾ ಭಾವ,” ಎಂದಳು ನವ್ಯಾ.

ಸಲಹೆ ಸರಿಯಾಗಿತ್ತು. ಅದೇ ಅದರ ದೋಷ. ಬೀದಿಯಲ್ಲಿ ಹೋಗುವ ಅಪರಿಚಿತ ಹೇಳಿದ್ದರೆ ವಾದಿರಾಜ ಪಾದ ಹಿಡಿದು ಸ್ವೀಕರಿಸುತ್ತಿದ್ದ. ಆದರೆ ಷಡ್ಡಕನ ಬಾಯಿಂದ ಬಂದ ಬುದ್ಧಿಮಾತನ್ನು ಪಾಲಿಸಿ ತುಳಸಿ ಚಿಗುರಿದರೆ, ಆ ಚಿಗುರು ಯಾರ ಖಾತೆಗೆ? ಅವನು “ನಾನೊಂದು ಟೆಕ್ನಾಲಜಿ ತರ್ತಾ ಇದೀನಿ ಭಾವ,” ಎಂದುಬಿಟ್ಟ. ಯಾವ ಟೆಕ್ನಾಲಜಿ ಎಂಬುದು ಆ ಗಳಿಗೆಯಲ್ಲಿ ಅವನಿಗೂ ಗೊತ್ತಿರಲಿಲ್ಲ.

ಮೊಬೈಲಿಗೆ ಗೊತ್ತಿತ್ತು. ಷಡ್ಡಕ ಅತ್ತ ಹೋದ ಮೇಲೆ ಇವನು ಇತ್ತ ವಿಡಿಯೋ ಹುಡುಕಿದ. ಯಾರೋ ಪುಣ್ಯಾತ್ಮ ತೋರಿಸುತ್ತಿದ್ದ: ಕುಂಡದ ಪಕ್ಕ ಬಕೆಟ್ಟು, ಬಕೆಟ್ಟಿನಿಂದ ಕುಂಡಕ್ಕೆ ಹತ್ತಿಯ ಹುರಿ. ದೀಪದಲ್ಲಿ ಬತ್ತಿ ಎಣ್ಣೆ ಎಳೆದಂತೆ ಹುರಿ ನೀರೆಳೆದು, ಮಣ್ಣಿನ ಮೂಲೆಮೂಲೆಗೂ ಸಮನಾಗಿ ಹಂಚುತ್ತದೆ. ಮನುಷ್ಯ ಕೈ ಹಾಕುವಂತೆಯೇ ಇಲ್ಲ. ಕೈಯೇ ಬೇಡದ ಕಡೆ ಕೈಗುಣವೆಲ್ಲಿ! ವಾದಿರಾಜ ಮಂಚದ ಮೇಲೆ ಎದ್ದು ಕೂತ.

ಹತ್ತಿಯ ಹುರಿಗಾಗಿ ಮನೆಯೆಲ್ಲ ತಡಕಾಡಿದ. ಸಿಕ್ಕಿದ್ದೆಲ್ಲ ಪ್ಲಾಸ್ಟಿಕ್ ದಾರ. ಕೊನೆಗೆ ದೇವರ ಮನೆಯ ಮೂಲೆಯಲ್ಲಿ ಎರಡು ಸ್ಟೀಲ್ ಡಬ್ಬಿಗಳು ಹೊಳೆದವು. ನವ್ಯಾ ಶಾಲೆಯ ಮಕ್ಕಳ ಪೇಪರ್ ತಿದ್ದುತ್ತಿದ್ದಳು. ಇವನು ಮುಚ್ಚಳ ತೆಗೆದ. ಅರಿಶಿನ ದಾರದ ಸೊಂಟಪಟ್ಟಿ ಕಟ್ಟಿಕೊಂಡು ಶಿಸ್ತಾಗಿ ಮಲಗಿದ್ದ ಬತ್ತಿಗಳು ಘಮ್ಮೆಂದವು. ಅಂತರಾತ್ಮ ಒಮ್ಮೆ ಕೆಮ್ಮಿತು. ಲಕ್ಷದಲ್ಲಿ ನಾಲ್ಕು ಕಟ್ಟು ಹೋದರೆ ದೇವರು ಎಣಿಸಿಕೊಂಡು ಕೂರುತ್ತಾನೆಯೇ ಎಂದು ಅವನು ಅದರ ಬಾಯಿ ಮುಚ್ಚಿಸಿದ. ದೇವರು ಎಣಿಸುವುದಿಲ್ಲ, ನಿಜ. ಎಣಿಸುವುದು ಅತ್ತೆ ಎಂಬುದು ಹೊಳೆಯಲಿಲ್ಲ.

ತುಪ್ಪದ ವಿಷಯವೂ ಅವನ ತಲೆಗೆ ಬಂದಿತ್ತು. ಬಾರದೇ ಇದ್ದಿದ್ದರೆ ಅವನನ್ನು ದಡ್ಡನೆಂದು ಬಿಟ್ಟುಬಿಡಬಹುದಿತ್ತು. ಬಂದಿತ್ತು, ಮತ್ತು ಅವನು ಅದಕ್ಕೆ ತರ್ಕಬದ್ಧವಾಗಿ ಉತ್ತರವನ್ನೂ ಕೊಟ್ಟುಕೊಂಡ. ಮಂದವಾದ ತುಪ್ಪವನ್ನೇ ಬುಡದಿಂದ ತುದಿಗೆ ಎಳೆಯುವ ಬತ್ತಿಗೆ ತೆಳ್ಳಗಿನ ನೀರು ಯಾವ ಲೆಕ್ಕ? ಪಂಪ್‌ಸೆಟ್ ಭಾಷೆಯಲ್ಲಿ ಹೇಳುವುದಾದರೆ ಇದು ಐದು ಎಚ್‌ಪಿ ಬತ್ತಿ!

ಎರಡೆರಡು ಕಟ್ಟು ಸೇರಿಸಿ ಹೊಸೆದು ಎರಡು ಹುರಿ ಮಾಡಿದ. ದೋಸೆ ಮಗುಚುವ ಕೈಯಿಂದ ಮಣ್ಣು ಬಗೆದು, ಒಂದು ಕೊನೆಯನ್ನು ಬೇರಿನ ಸುತ್ತ ಬಳಸಿ ಹೂತ. ಇನ್ನೊಂದು ಕೊನೆಯನ್ನು ಪಕ್ಕದ ಬಕೆಟ್ಟಿನ ನೀರಿಗಿಳಿಸಿದ. ಬಕೆಟ್ಟಿನ ಒಳಗೆ ಪೆನ್ಸಿಲ್ಲಿನಿಂದ ನೀರಿನ ಮಟ್ಟ ಗುರುತು ಹಾಕಿದ. ಹುರಿ ಏನು, ಎಲ್ಲಿಯದು ಎಂದು ನವ್ಯಾ ಕೇಳಿದ್ದಕ್ಕೆ ಅಂಗಡಿಯ ಸ್ಯಾಂಪಲ್ ಎಂದ. ಇನ್ನು ಮೇಲೆ ಯಾರೂ ತುಳಸಿಗೆ ಒಂದು ತೊಟ್ಟೂ ನೀರು ಹಾಕಬಾರದು, ಹಾಕಿದರೆ ಸಿಸ್ಟಮ್ಮಿನ ಲೆಕ್ಕ ತಪ್ಪುತ್ತದೆ ಎಂದು ಅಪ್ಪಣೆಯೂ ಆಯಿತು.

“ಗಿಡಕ್ಕೆ ಬಾಯಾರಿದ್ರೆ?” ಎಂದಳು ನವ್ಯಾ.

“ಅದೇ ಕುಡ್ಕೊಳ್ಳುತ್ತೆ ಮಾರಾಯ್ತಿ. ಸ್ವಾವಲಂಬಿ ತುಳಸಿ ಇದು.”

ಅದೇ ವಾರ ಇನ್ನೊಂದು ಸುದ್ದಿ ಬಂತು. ಹರಿಪ್ರಸಾದನಿಗೆ ಅವನ ಇಲಾಖೆಯವರು ಶಿವಮೊಗ್ಗದಲ್ಲಿ ಒಂದು ತಿಂಗಳ ಟ್ರೇನಿಂಗ್ ಹಾಕಿದ್ದರು. ದಿನಾ ಬೆಳಿಗ್ಗೆ ಭದ್ರಾವತಿಯಿಂದ ಬಂದು ಸಂಜೆ ವಾಪಸ್ಸು. ಟ್ರೇನಿಂಗೂ ಅವನಿಗೇ! ವಾದಿರಾಜನಿಗೆ ಅವನ ಅಂಗಡಿಯವರು ಇಷ್ಟು ವರ್ಷದಲ್ಲಿ ಕಲಿಸಿದ್ದು ಶಟರ್ ಎಳೆಯುವುದೊಂದನ್ನೇ. ಟ್ರೇನಿಂಗ್ ನಡೆಯುವ ಜಾಗ ಮನೆಗೆ ಹತ್ತಿರವೇ, ಭಾವನನ್ನು ಮಧ್ಯಾಹ್ನ ಊಟಕ್ಕೆ ಕರೆಯೋಣವೇ ಎಂದು ನವ್ಯಾ ಕೇಳಿದಳು. ಇಬ್ಬರೂ ಕೆಲಸಕ್ಕೆ ಹೋದಮೇಲೆ ಬಡಿಸುವವರು ಯಾರು ಎಂದು ವಾದಿರಾಜ ಬಹಳ ವಿಷಾದದಿಂದ, ಬಹಳ ಬೇಗ ಹೇಳಿದ.

ಸಿಸ್ಟಮ್ಮು ಕೆಲಸ ಶುರುಮಾಡಿತು. ಸಂಜೆ ಬಂದು ಬಕೆಟ್ಟಿಗೆ ಬಗ್ಗಿದರೆ ನೀರು ಪೆನ್ಸಿಲ್ ಗೆರೆಗಿಂತ ನಾಲ್ಕು ಬೆರಳು ಕೆಳಗೆ! ಮರುದಿನ ಇನ್ನೂ ಕೆಳಗೆ. ಮಣ್ಣು ಮುಟ್ಟಿದರೆ ಎಲ್ಲ ಕಡೆ ಒಂದೇ ಸಮ ತಂಪು. ಒಂದು ವಾರದಲ್ಲಿ ತುಳಸಿಯ ಬುಡದಿಂದ ಹೊಸ ಕವಲು ಮೂಡಿತು. ಮತ್ತೆರಡು ವಾರದಲ್ಲಿ ಅದು ಮಾವನ ಮನೆಗೆ ಬಂದ ಅಳಿಯನಂತೆ ಎಲ್ಲ ದಿಕ್ಕಿಗೂ ಉಬ್ಬಿತು. ತೆನೆ ಬಿಡಬೇಕಾದ ತುದಿಗಳನ್ನು ಮಾತ್ರ ಯಾವುದೋ ಅಳಿಲು ದಿನಾ ಚಿವುಟಿಕೊಂಡು ಹೋಗುತ್ತಿತ್ತು. ಹಾಳಾಗಿ ಹೋಗಲಿ, ಅದರಿಂದ ಗಿಡ ಇನ್ನಷ್ಟು ದಟ್ಟವಾಯಿತೆಂದು ವಾದಿರಾಜ ಅಳಿಲನ್ನು ಕ್ಷಮಿಸಿದ.

ಸಣ್ಣದೊಂದು ತೊಡಕಾಯಿತು. ತುಪ್ಪದ ವಾಸನೆಗೆ ಇರುವೆಗಳು ಬಂದವು. ಮೊದಲು ಗುಪ್ತಚರರಂತೆ ಒಂದೆರಡು, ಆಮೇಲೆ ಸೈನ್ಯ. ಕುಂಡ ಹತ್ತಿ, ಹುರಿ ನೆಕ್ಕಿ, ತಾರಸಿಯ ಅಂಚಿನಿಂದ ಗೋಡೆಗುಂಟ ಇಳಿದು, ಕೆಳಗಿನ ಮನೆಯ ಓನರ್ ಹೆಂಗಸು ಜಗದಾಂಬಾ ಅವರ ಅಡುಗೆಮನೆಯ ಕಿಟಕಿಗೆ ಲಗ್ಗೆಯಿಟ್ಟವು. ಅವರು ಒಂದು ಸಂಜೆ ಅರಿಶಿನದ ಡಬ್ಬಿ ಹಿಡಿದು ಮೇಲೆ ಬಂದರು.

“ವಾದಿರಾಜ್, ನಿಮ್ಮ ತುಳಸಿ ಕಡೆಯಿಂದ ನಮ್ಮ ರವೆ ಉಂಡೆವರೆಗೂ ಇರುವೆ ಸಾಲು. ಏನು ಹಾಕ್ತಿದೀರಿ ಗಿಡಕ್ಕೆ, ಪಾಯಸನಾ?”

ದೇವರ ಗಿಡಕ್ಕೆ ಇರುವೆ ಬರುವುದು ಶುಭಶಕುನ ಎಂದು ವಾದಿರಾಜ ಸ್ಥಳದಲ್ಲೇ ಒಂದು ಶಾಸ್ತ್ರ ಸೃಷ್ಟಿಸಿದ.

“ಶುಭ ನಿಮಗೆ ಬರ್ಲಿ, ಇರುವೆ ನಮಗೆ ಬರೋದು ಬೇಡ. ಅದಿರ್ಲಿ, ಮಧ್ಯಾಹ್ನ ಮಧ್ಯಾಹ್ನ ನಿಮ್ಮ ತಾರಸಿ ಮೇಲೆ…”

“ಮಧ್ಯಾಹ್ನ ಬಿಸಿಲಿಗೆ ಜಾಸ್ತಿ ಬರ್ತವೆ ಆಂಟಿ, ನಾನು ನೋಡ್ಕೋತೀನಿ,” ಎಂದು ಇವನು ಮಾತು ತುಂಡರಿಸಿ, ಅವರ ಕೈಯಿಂದಲೇ ಅರಿಶಿನ ಇಸಿದುಕೊಂಡು ಗೋಡೆಗೆ ಗೆರೆ ಎಳೆದು ಕಳಿಸಿಕೊಟ್ಟ. ಆ ಮಾತನ್ನು ಪೂರ್ತಿ ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಗೆಲ್ಲುತ್ತಿರುವವನಿಗೆ ಪೂರ್ತಿ ಕೇಳುವ ವ್ಯವಧಾನವೆಲ್ಲಿ?

ಅತ್ತ ಗುಂಪಿನಲ್ಲಿ ಹರಿಪ್ರಸಾದನ ಫೋಟೋಗಳು ನಿಂತುಹೋದವು. ಶತ್ರು ಹಿಮ್ಮೆಟ್ಟಿದ! ವಾದಿರಾಜ ತನ್ನ ತುಳಸಿಯ ಫೋಟೋವನ್ನು ಮುಂದಿನಿಂದ, ಹಿಂದಿನಿಂದ, ನೀರಿನ ಟ್ಯಾಂಕು ಹತ್ತಿ ಮೇಲಿನಿಂದ ತೆಗೆದು ಹಾಕಿದ. ಅತ್ತೆಯಿಂದ ಮೊದಲ ಬಾರಿಗೆ ಮುಗಿದ ಕೈಗಳು ಬಂದವು. ಕಮಲ ಬರಲಿಲ್ಲ. ಪರವಾಗಿಲ್ಲ, ಅದನ್ನು ಭದ್ರಾವತಿಯಲ್ಲೇ ಖುದ್ದಾಗಿ ಪಡೆಯುತ್ತೇನೆ ಎಂದುಕೊಂಡ. ನವ್ಯಾ ಮಾತ್ರ ಫೋಟೋ ನೋಡಿದಾಗಲೆಲ್ಲ ತುಟಿ ಬಿಗಿಹಿಡಿದು ಅಡುಗೆಮನೆಗೆ ಹೋಗುತ್ತಿದ್ದಳು. ಅಕ್ಕನ ಮನೆ ಸೋಲುತ್ತಿದೆಯೆಂದು ಅವಳಿಗೆ ಸಂಕಟವಾಗಿರಬೇಕು ಎಂದು ಅವನು ಉದಾರವಾಗಿ ಭಾವಿಸಿದ.

ಹಬ್ಬಕ್ಕೆ ಇನ್ನು ಮೂರು ದಿನ ಎನ್ನುವಾಗಿನ ಭಾನುವಾರ ಗಿಡ ನೆಡುವ ದಿನ. ವಾದಿರಾಜ, ಎಳೆದರೆ ಬೇರೂ ಬಂದೀತೆಂದು, ಹುರಿಗಳನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಮೇಲೆ ಒಂದು ಹಿಡಿ ಮಣ್ಣು ಮುಚ್ಚಿ, ಕುಂಡವನ್ನು ನವ್ಯಾಳ ತೊಡೆಯ ಮೇಲೆ ಕೂರಿಸಿಕೊಂಡು ಭದ್ರಾವತಿಯ ಬಸ್ಸು ಹತ್ತಿದ. ಹಬ್ಬದ ಡಬ್ಬಿಗಳೆರಡೂ ಇವನ ಕಾಲ ಬಳಿ. ಸರ್ಕಾರಿ ಬಸ್ಸಾದ್ದರಿಂದ ನವ್ಯಾಳಿಗೆ ಫ್ರೀ. ತುಳಸಿಯೂ ಹೆಣ್ಣೇ ಎಂದು ಕಂಡಕ್ಟರು ಅದಕ್ಕೂ ಟಿಕೆಟ್ ಕೇಳಲಿಲ್ಲ. ಇಡೀ ಸೀಟಿನಲ್ಲಿ ಟಿಕೆಟ್ ಕೊಂಡ ಜೀವಿ ವಾದಿರಾಜನೊಬ್ಬನೇ. ಮಲವಗೊಪ್ಪದಲ್ಲಿ ಹತ್ತಿದ ಅಜ್ಜಿಯೊಬ್ಬರು ತುಳಸಿ ಮುಟ್ಟಿ ಕಣ್ಣಿಗೊತ್ತಿಕೊಂಡು, “ಎಷ್ಟು ಚಂದ ಬೆಳೆಸಿದೀಯವ್ವ,” ಎಂದರು. ಬೆಳೆಸಿದ್ದು ತಾನು ಎಂದು ಹೇಳಲು ಇವನು ಬಾಯಿ ತೆರೆಯುವಷ್ಟರಲ್ಲಿ ನವ್ಯಾ, “ನಾನಲ್ಲ ಅಜ್ಜಿ, ನಮ್ಮನೆಯವರೂ ಅಲ್ಲ, ಅದೇ ಬೆಳೀತು,” ಎಂದಳು. ಸ್ವಾವಲಂಬನೆಯ ತತ್ವ ಹೆಂಡತಿಗೆ ಕೊನೆಗೂ ಅರ್ಥವಾಯಿತಲ್ಲ ಎಂದು ಅವನಿಗೆ ಸಂತೋಷವಾಯಿತು.

ಓಲ್ಡ್ ಟೌನಿನ ಹಿತ್ತಿಲಲ್ಲಿ ಹೊಸ ಸುಣ್ಣ ಹೊಡೆಸಿಕೊಂಡ ಕಟ್ಟೆ ಮದುಮಗಳಂತೆ ಕಾಯುತ್ತಿತ್ತು. ಮಾವ ಶ್ರೀನಿವಾಸಮೂರ್ತಿಗಳು ನಿವೃತ್ತ ಸಂಸ್ಕೃತ ಮೇಷ್ಟ್ರು. ಕುರ್ಚಿ ಹಾಕಿಕೊಂಡು ತೀರ್ಪುಗಾರರಂತೆ ಕೂತಿದ್ದರು. ಎರಡೂ ಕುಂಡಗಳನ್ನು ಅಕ್ಕಪಕ್ಕ ಇಟ್ಟರು. ಹರಿಪ್ರಸಾದನ ತುಳಸಿಗೆ ತಿಂಗಳಿಂದ ಹಗಲಿನಲ್ಲಿ ಯಜಮಾನನ ಮುಖ ನೋಡಿ ಗೊತ್ತಿರಲಿಲ್ಲ. ಉದ್ದಕ್ಕೆ ಬೆಳೆದು, ತುದಿಗೆಲ್ಲ ತೆನೆ ಹೊತ್ತು, ಸಣಕಲಾಗಿ ನಿಂತಿತ್ತು. ವಾದಿರಾಜನದು ದುಂಡಗೆ, ದಟ್ಟಗೆ, ಕಣ್ಣು ಕುಕ್ಕುವಂತೆ.

ಸರಸ್ವತಮ್ಮ ಎರಡರ ಸುತ್ತಲೂ ಒಮ್ಮೆ ಬಂದು, “ಇದೇ ಇರ್ಲಿ,” ಎಂದು ಇವನ ಕುಂಡ ಮುಟ್ಟಿದರು. ವಾದಿರಾಜ ಥಟ್ಟನೆ ಹರಿಪ್ರಸಾದನ ಮುಖ ನೋಡಿದ. ಅಲ್ಲಿ ಒಂದು ಗುಲಗಂಜಿಯಷ್ಟಾದರೂ ಸಂಕಟ ಇರಬೇಕಲ್ಲ? ಇರಲಿಲ್ಲ. ಪುಣ್ಯಾತ್ಮ ನಗುತ್ತಿದ್ದ. ಸೋತಾಗಲೂ ಹೊಟ್ಟೆಕಿಚ್ಚು ಪಡಲು ಬರದ ಇಂಥವನನ್ನು ಗೆದ್ದು ಏನು ಸುಖ?

ಅತ್ತೆ ಇನ್ನೂ ಏನೋ ಹೇಳುವವರಿದ್ದರು. “ವಾದಿರಾಜ ಅವರೇ, ನಿಮಗೂ…” ಎಂದು ಶುರುಮಾಡಿದ್ದರು. ಆ ಒಂದು ಪದ ಅವರ ತುಟಿಯವರೆಗೆ ಬಂದದ್ದನ್ನು ಅವನು ಕಣ್ಣಾರೆ ಕಂಡ. ಅಷ್ಟರಲ್ಲಿ ಅವರು ಕುಂಡ ವಾಲಿಸಿ, ತಳಕ್ಕೆ ತಟ್ಟಿ, ಗಿಡವನ್ನು ಮಣ್ಣಿನ ಗಡ್ಡೆಯ ಸಮೇತ ಹೊರತೆಗೆದರು. ಸಡಿಲ ಮಣ್ಣು ಉದುರಿತು. ಬೇರಿನ ಸುತ್ತ ಹಾವಿನಂತೆ ಸುತ್ತಿಕೊಂಡಿದ್ದ ಎರಡು ಹುರಿಗಳು ಕಂಡವು. ಹುರಿಯಿಂದ ಅರಿಶಿನದ ದಾರದ ನಾಲ್ಕು ತುಣುಕುಗಳು ಇಣುಕುತ್ತಿದ್ದವು.

ಇರುವೆಯೊಂದು ಹುರಿಯಿಂದಿಳಿದು ಅತ್ತೆಯ ಕೈಮೇಲೆ ಹರಿಯಿತು.

“ಇದು ನನ್ನ ಬತ್ತಿ,” ಎಂದರು ಸರಸ್ವತಮ್ಮ. ಜೋರಾಗಿ ಅಲ್ಲ. ಜೋರಾಗಿ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ನವ್ಯಾ ಗಂಡನತ್ತ ತಿರುಗಿದಳು. “ಅಂಗಡಿ ಸ್ಯಾಂಪಲ್ಲು?”

ವಾದಿರಾಜ ಎಲ್ಲವನ್ನೂ ಒಪ್ಪಿಕೊಂಡ. ಆದರೆ ಒಪ್ಪಿಕೊಳ್ಳುತ್ತಲೇ ಸಿಸ್ಟಮ್ಮಿನ ಮಹಿಮೆಯನ್ನೂ ಬಿಡದೆ ವರ್ಣಿಸಿದ. ಬತ್ತಿ ಕದ್ದದ್ದು ತಪ್ಪು, ಆದರೆ ಅದರಿಂದಲೇ ಅಲ್ಲವೇ ಗಿಡ ಹೀಗೆ ಬೆಳೆದದ್ದು. ಬಕೆಟ್ಟಿನ ನೀರು ದಿನಾ ಇಳಿದದ್ದಕ್ಕೆ ಪೆನ್ಸಿಲ್ ಗೆರೆಯೇ ಸಾಕ್ಷಿ. ಒಂದರ್ಥದಲ್ಲಿ ಅತ್ತೆಯ ಬತ್ತಿಯೇ ತುಳಸಿಯನ್ನು ಸಾಕಿತು ಎಂದೆಲ್ಲ ಹೇಳಿದ. ಮಾವ ಕನ್ನಡಕ ಸರಿಮಾಡಿಕೊಂಡು ಹುರಿಯ ಒಂದು ತುದಿಯನ್ನು ಬೆರಳಲ್ಲಿ ಹೊಸಕಿದರು.

“ತುಪ್ಪ ಕುಡಿದ ಬತ್ತಿ ನೀರು ಕುಡಿಯಲ್ಲಪ್ಪ. ಮಣ್ಣು ಒದ್ದೆ ಇದೆ, ಇದರ ಒಳಗೆ ಹನಿ ನೀರಿಲ್ಲ. ಮತ್ತೆ ಬಕೆಟ್ ನೀರು ಕುಡಿದವರು ಯಾರು?”

ಎಲ್ಲರೂ ವಾದಿರಾಜನನ್ನು ನೋಡಿದರು. ವಾದಿರಾಜ ನವ್ಯಾಳನ್ನು ನೋಡಿದ. ನವ್ಯಾ ಸುಣ್ಣದ ಗೋಡೆಯನ್ನು ನೋಡಿದಳು. ಹರಿಪ್ರಸಾದ ಆಕಾಶ ನೋಡುತ್ತಾ ಗಂಟಲು ಸರಿಮಾಡಿಕೊಂಡ.

“ತಪ್ಪು ತಿಳ್ಕೋಬೇಡಿ ಮಾರಾಯ್ರೆ. ಟ್ರೇನಿಂಗಲ್ಲಿ ಮಧ್ಯಾಹ್ನ ಡಬ್ಬಿ ತಿನ್ನೋಕೆ ಜಾಗ ಇರ್ಲಿಲ್ಲ. ನಿಮ್ಮ ತಾರಸಿ ಮೇಲೆ ಟ್ಯಾಂಕಿನ ನೆರಳಿದೆ, ಮೆಟ್ಟಿಲು ಹೊರಗಡೆನೇ ಇದೆ, ಅಲ್ಲೇ ಕೂತ್ಕೊಳ್ಳಿ ಅಂದ್ಲು ನವ್ಯಾ. ಕೂತ್ರೆ ಎದುರಿಗೆ ಗಿಡ ಬಾಡ್ತಾ ಇದೆ. ಅತ್ತೆ ಕೊಟ್ಟ ಗಿಡ. ಪಕ್ಕದಲ್ಲೇ ಬಕೆಟ್ ನೀರೂ ಇಟ್ಟಿದ್ರಿ. ಊಟ ಆದ್ಮೇಲೆ ಚೊಂಬಲ್ಲಿ ಎರಡು ಸುತ್ತು ಬಿಡ್ತಿದ್ದೆ, ಅಷ್ಟೇ.”

“ತುದಿ ಚಿವುಟಿದ್ದು?” ಎಂದ ವಾದಿರಾಜ, ಕ್ಷೀಣವಾಗಿ.

“ಅದೂ ನಾನೇ. ತೆನೆ ಬಿಟ್ರೆ ಗಿಡ ಸೊರಗುತ್ತಲ್ಲ.”

ತಿಂಗಳಿಡೀ ತಾನು ಕ್ಷಮಿಸುತ್ತಾ ಬಂದ ಅಳಿಲು ಇಲ್ಲಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಿಂತಿತ್ತು! ಜಗದಾಂಬಾ ಅವರ ಅರ್ಧಕ್ಕೆ ನಿಂತ ‘ಮಧ್ಯಾಹ್ನ ಮಧ್ಯಾಹ್ನ’ ಈಗ ವಾದಿರಾಜನ ತಲೆಯೊಳಗೆ ತಾನಾಗಿ ಪೂರ್ತಿಯಾಯಿತು. ಎರಡು ಕುಂಡಗಳ ಯುದ್ಧದಲ್ಲಿ ಒಂದು ಕಡೆ ಹರಿಪ್ರಸಾದ, ಇನ್ನೊಂದು ಕಡೆಯೂ ಹರಿಪ್ರಸಾದ. ಇವನು ನಡುವೆ ಪೆನ್ಸಿಲ್ಲಿನಿಂದ ಗೆರೆ ಎಳೆದವನು.

ಯಾರ ತುಳಸಿ ಗೆದ್ದಿತು ಎಂಬ ಪ್ರಶ್ನೆಯನ್ನು ಆಮೇಲೆ ಯಾರೂ ಎತ್ತಲಿಲ್ಲ. ಸರಸ್ವತಮ್ಮ ಗಿಡವನ್ನು ಕಟ್ಟೆಗೆ ನೆಟ್ಟು, ಕೈ ತೊಳೆದು, ಸೀದಾ ಡಬ್ಬಿಗಳ ಬಳಿ ಹೋಗಿ ಕಟ್ಟುಗಳನ್ನು ಎಣಿಸಿದರು. ನಾಲ್ಕು ಕಮ್ಮಿ. ತುಳಸಿ ಯಾರದ್ದಾದರೂ ಸರಿ, ಬತ್ತಿ ಪೂರ್ತಿ ಇಲ್ಲದಿದ್ದರೆ ಹರಕೆ ಹರಕೆಯಲ್ಲ. ಹಬ್ಬಕ್ಕೆ ಮೂರೇ ದಿನ, ನನಗೆ ಹಬ್ಬದ ಅಡುಗೆಯ ತಯಾರಿ, ಕದ್ದವರೇ ತುಂಬಿಕೊಡಲಿ ಎಂದು ಶಾಂತವಾಗಿ ಹೇಳಿ, ನಡುಮನೆಯಲ್ಲಿ ಚಾಪೆ ಹಾಸಿ, ಹತ್ತಿಯ ರಾಶಿಯನ್ನೂ ಬೆರಳಿಗೆ ಸೋಕಿಸಿಕೊಳ್ಳಲು ಒಂದು ಬಟ್ಟಲು ಹಾಲನ್ನೂ ಅಳಿಯನ ಮುಂದಿಟ್ಟರು. ಒಬ್ಬರನ್ನೇ ಕೂರಿಸುವುದು ಸರಿಯಲ್ಲವೆಂದು ಹರಿಪ್ರಸಾದ ತಾನಾಗಿ ಬಂದು ಪಕ್ಕದಲ್ಲಿ ಕೂತ. ಒಳ್ಳೆಯವನಲ್ಲವೇ!

ಮೊದಲ ಹತ್ತಿಪ್ಪತ್ತು ಬತ್ತಿಗಳು ಮರಿಹಾವಿನಂತೆ ಅಡ್ಡಾದಿಡ್ಡಿಯಾದವು. ಆಮೇಲೆ ಏನಾಯಿತೋ, ವಾದಿರಾಜನ ಬೆರಳುಗಳಿಗೆ ಲಯ ಸಿಕ್ಕಿತು. ಬಿಲ್ ಎಣಿಸಿ ಎಣಿಸಿ ಪಳಗಿದ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಜಾರಿತು. ಒಂದರ ಹಿಂದೊಂದು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ, ಅಚ್ಚಿನಲ್ಲಿ ಬಿಟ್ಟಂತೆ ಬತ್ತಿಗಳು ಇಳಿದವು. ಪಕ್ಕಕ್ಕೆ ನೋಡಿದ. ಹರಿಪ್ರಸಾದನ ಬತ್ತಿಗಳು ಒಂದು ಕಡೆ ಬಸುರಿ, ಒಂದು ಕಡೆ ಬಡಕಲು.

“ನಂಗೆ ಕೂರ್ತಾ ಇಲ್ವಲ್ಲ ಇದು,” ಎಂದ ಹರಿಪ್ರಸಾದ.

“ಬೆರಳು ಒತ್ತಬೇಡಿ ಭಾವ. ನಿಧಾನಕ್ಕೆ, ಒಂದೇ ಸಮ,” ಎಂದ ವಾದಿರಾಜ. ಮೂರು ವರ್ಷದಲ್ಲಿ ಇಷ್ಟು ರುಚಿಯಾದ ವಾಕ್ಯ ಅವನ ನಾಲಿಗೆಯ ಮೇಲೆ ಹಾದುಹೋಗಿರಲಿಲ್ಲ.

ಸರಸ್ವತಮ್ಮ ಕಾಫಿ ತಂದಿಟ್ಟು ಇವನ ಬತ್ತಿಯೊಂದನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೊಂದನ್ನು ನೋಡಿದರು. ದೊಡ್ಡಳಿಯನದನ್ನೂ ಎತ್ತಿ, ಬೆಳಕಿಗೆ ಹಿಡಿಯದೆಯೇ ಕೆಳಗಿಟ್ಟರು.

“ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ. ವಾದಿರಾಜ ಅವರೇ, ನಿಮಗೆ ಕೈಗುಣ ಇದೆ.”

ಬಂತು! ತೆಂಗಿನಕಾಯಿ ಒಡೆದಂತೆ ಅವನ ಎದೆಯೊಳಗೆ ಏನೋ ಒಡೆಯಿತು. ಷಡ್ಡಕನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿಸಲು, “ಏನಂದ್ರಿ ಅತ್ತೆ?” ಎಂದ.

“ಕೈಗುಣ ಇದೆ ಅಂದೆ. ಬರೋ ಕಾರ್ತಿಕಕ್ಕೆ ಇನ್ನೊಂದು ಲಕ್ಷ ಬೆಳಗಬೇಕು ಅಂತ ಆಸೆ ಇತ್ತು. ನನ್ನ ಬೆರಳು ಹಿಡ್ಕೊಳ್ಳುತ್ತೆ ಅಂತ ಸುಮ್ನಿದ್ದೆ. ಈಗ ಧೈರ್ಯ ಬಂತು.”

ಹೀಗೆಂದು ಅವರು ಹಿತ್ತಿಲಿಗೆ ಹೋಗಿ, ಖಾಲಿಯಾಗಿದ್ದ ತುಳಸಿ ಕುಂಡವನ್ನು ತೊಳೆದು ಒರೆಸಿ ತಂದು, ಅದರ ತುಂಬ ಹತ್ತಿಯನ್ನು ಅದುಮಿ ಅದುಮಿ, ಮೂಲೆಮೂಲೆಗೂ ಸಮನಾಗಿ ತುಂಬಿ ಅಳಿಯನ ಮಡಿಲಿಗಿಟ್ಟರು. ಇದು ಮೊದಲ ಕಂತು, ಮುಗಿದಂತೆ ಮುಗಿದಂತೆ ಕಳಿಸುತ್ತಿರುತ್ತೇನೆ ಎಂದರು. ಹರಿಪ್ರಸಾದ ಹಾಲಿನ ಬಟ್ಟಲಿಂದ ಬೆರಳು ತೆಗೆದು, ಹಗುರಾಗಿ ಮೈಮುರಿದು, ಎದ್ದು ತುಳಸಿಗೆ ನೀರು ಬಿಡಲು ಹೊರಟ. ಅವನ ಬೆನ್ನನ್ನೇ ನೋಡುತ್ತಿದ್ದ ವಾದಿರಾಜನಿಗೆ, ಕೈಗುಣ ಇಲ್ಲದ ಮನುಷ್ಯನೊಬ್ಬನ ಮೇಲೆ ಬಾಳಿನಲ್ಲಿ ಮೊದಲ ಸಲ ಹೊಟ್ಟೆಕಿಚ್ಚಾಯಿತು.

ನವ್ಯಾ ಬಂದು ಚಾಪೆಯ ಅಂಚಿನಲ್ಲಿ ಕೂತಳು. ಕುಂಡದಿಂದ ಒಂದು ಎಳೆ ಹತ್ತಿ ಎಳೆದು ಅವನ ಬೆರಳಿಗೆ ಕೊಟ್ಟಳು.

“ರೀ, ಇದನ್ನೂ ಬರೆದಿಟ್ಕೊಳ್ಳಲಾ?”